ಗೆದ್ದಲಿಗೆ ಬಿಟ್ಟ ದಫ್ತರಗಳು

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂಬ ಈ ನಾಲ್ಕು ಸೀಮೆಗಳ 19ನೆಯ ಶತಮಾನದ ಚರಿತ್ರೆಯನ್ನು ಬರೆಯಬೇಕೆಂದು ಹೊರಟವನು ಇಂದು ಎಲ್ಲಿಗೆ ಹೋಗಬೇಕು? ಪುಣೆಗೆ ಹೋಗಬೇಕು, ಮುಂಬಯಿಗೆ ಹೋಗಬೇಕು, ಲಂಡನ್ನಿಗೆ ಹೋಗಬೇಕು, ಸ್ವಿಟ್ಜರ್ಲೆಂಡಿನ ಬಾಸೆಲ ಪಟ್ಟಣಕ್ಕೂ ಹೋಗಬೇಕು. ಹಾನಗಲ್ಲಿಗೆ ಹೋಗೆಂದು ಮಾತ್ರ ಅವನಿಗೆ ಯಾರೂ ಹೇಳುವುದಿಲ್ಲ. ಇದು ನಾಚಿಕೆಗೇಡಿನ ಮಾತೆಂದು ತೋರದ ವಾಚಕರು ಈ ಲೇಖನವನ್ನು ಮುಂದೆ ಓದುವ ಶ್ರಮವನ್ನು ತೆಗೆದುಕೊಳ್ಳಬೇಕಾಗಿಲ್ಲ.

ಹೊರಗಿನವರು ತಮ್ಮ ಕಾಗದಗಳನ್ನು ಹೇಗೆ ಕಾಯ್ದುಕೊಂಡರೆಂಬುದನ್ನು ಮೊದಲು ನೋಡೋಣ. 1800ನೆಯ ಇಸವಿಯ ಮಳೆಗಾಲದಲ್ಲಿ ಧೋಂಡಿಯಾ ವಾಘನ ಬೆನ್ನು ಹತ್ತಿ ಬಂದ ಇಂಗ್ಲಿಷ ಸೇನಾನಿ ಆರ್ಥರ ವೆಲ್ಲೆಸ್ಲಿಯು ಸವಣೂರಿನಲ್ಲಿ ಡೇರೆ ಹೊಡೆದಿದ್ದನು. ಆ ಡೇರೆಯಲ್ಲಿ ಕುಳಿತು ಅವನು ಬರೆದ ಕಾಗದಗಳು ಅಚ್ಚಾಗಿ ಜಗತ್ತಿನ ದೊಡ್ಡ ಗ್ರಂಥಾಲಯಗಳಲ್ಲೆಲ್ಲ ಸ್ಥಾನ ಪಡೆದಿವೆ. ಅವನ ಎತ್ತುಗಳ ಚಿಂತೆ, ಅಕ್ಕಿಯ ಚಿಂತೆ, ಹೊಳೆ ದಾಟುವ ಚಿಂತೆ ಎಲ್ಲವೂ ನಮಗೆ ಗೊತ್ತು. ಆದರೆ ಅದೇ ಮಳೆಗಾಲದಲ್ಲಿ ಆ ದಂಡಿಗೆ ಎತ್ತು ಕೊಟ್ಟವನ, ಮೇವು ಕೊಟ್ಟವನ, ಕೊಡಲಾರದೆ ಊರು ಬಿಟ್ಟವನ ಲೆಕ್ಕದ ಹಾಳೆ ಎಲ್ಲಿದೆ? 1817-18ರಲ್ಲಿ ಥಾಮಸ ಮನ್ರೋ ಧಾರವಾಡದ ಸೀಮೆಯಿಂದ ಬರೆದ ಪತ್ರಗಳನ್ನು ಗ್ಲೀಗನೆಂಬವನು 1830ರಲ್ಲಿಯೇ ಅಚ್ಚು ಹಾಕಿದನು. ಬಾಸೆಲ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು; ಇಲ್ಲಿಯ ಬಿಸಿಲು, ಜ್ವರ, ಶಾಲೆ, ಜಗಳಗಳನ್ನು ಕುರಿತು ಅವರು ತಮ್ಮ ಊರಿಗೆ ಬರೆದ ಪತ್ರಗಳು ಇಂದಿಗೂ ಬಾಸೆಲಿನ ಪತ್ರಾಗಾರದಲ್ಲಿ ಕ್ರಮವಾಗಿ ಸೇರಿಸಿಡಲ್ಪಟ್ಟಿವೆ. ಪರದೇಶದ ಪಾದ್ರಿಯ ಜ್ವರ ಚರಿತ್ರೆಯಾಯಿತು. ನಮ್ಮ ಅಜ್ಜನ ಸಾವು ಕೂಡ ಚರಿತ್ರೆಯಾಗಲಿಲ್ಲ!

ನಮ್ಮವರು ಬರೆಯಲಿಲ್ಲವೋ ಎಂದರೆ, ಬರೆದರು. ಬೇಕಾದುದಕ್ಕಿಂತ ಹೆಚ್ಚಾಗಿಯೇ ಬರೆದರು. ದೇಶಪಾಂಡೆ, ದೇಸಾಯಿ, ನಾಡಗೌಡ, ಕುಲಕರ್ಣಿಗಳ ಮನೆಗಳಲ್ಲಿಯೂ, ಮಠಗಳಲ್ಲಿಯೂ, ಸಾಹುಕಾರರ ಅಂಗಡಿಗಳಲ್ಲಿಯೂ ಬರೆವಣಿಗೆ ನಿತ್ಯದ ಕೆಲಸವಾಗಿತ್ತು. ಅಟ್ಟದ ಮೇಲೆ, ದೇವರ ಮನೆಯ ಮಾಡದಲ್ಲಿ, ಕಣಜದ ಹಿಂದೆ ಕೆಂಪು ವಸ್ತ್ರದ ರುಮಾಲುಗಳಲ್ಲಿ ಕಟ್ಟಿಟ್ಟ ಈ ದಫ್ತರಗಳನ್ನು ನೋಡದ ಹಳೆಯ ಮನೆತನದವರು ನಮ್ಮ ವಾಚಕರಲ್ಲಿ ವಿರಳ. ಒಂದು ರುಮಾಲು ಬಿಚ್ಚಿದರೆ ಏನು ಸಿಗುತ್ತದೆ? ಮೇಲೆಯೇ ಸನದುಗಳ ನಕಲುಗಳು. ಏಕೆಂದರೆ ಮನೆತನದ ಪ್ರಾಣ ಅದರಲ್ಲಿತ್ತು. ಅದರ ಕೆಳಗೆ ಗಹಾಣ ಪತ್ರಗಳು, ಮುಟ್ಟಿದ ಸಾಲದ ಪಾವತಿಗಳು, ಅಣ್ಣತಮ್ಮಂದಿರು ಪಾಲಾದ ವಾಟಣಿ ಪತ್ರಗಳು, ಊರಿನ ಹಿರಿಯರು ಕೂಡಿ ಮಾಡಿದ ಮಹಜರುಗಳು. ಇನ್ನೂ ಕೆಳಗೆ ಜಾತಕಗಳು, ಮಗಳ ಮದುವೆಯಲ್ಲಿ ಕೊಟ್ಟ ಬಂಗಾರದ ಯಾದಿ, ಬಾಣಂತಿತನದ ಖರ್ಚು, ಕಾಶಿಗೆ ಹೋದವರು ದಾರಿಯಲ್ಲಿ ಬರೆದ ಕಾಗದ, ಔಷಧದ ಚೀಟಿ. ಎಲ್ಲಕ್ಕೂ ಕೆಳಗೆ ವರುಷ ವರುಷದ ರೋಜುಕೀರ್ದಿ. ಈ ಕೊನೆಯ ವಸ್ತುವನ್ನೇ ನಮ್ಮ ಜನರು ಮೊದಲು ಹಂಡೆಯ ಒಲೆಗೆ ಹಾಕುವರು. ಅದರಲ್ಲಿ ಜಮೀನಿನ ಹಕ್ಕಿನ ಮಾತಿಲ್ಲವಷ್ಟೆ!

ರೋಜುಕೀರ್ದಿಯ ಬೆಲೆಯೇನೆಂಬುದನ್ನು ತುಸು ವಿಸ್ತರಿಸಿ ಹೇಳುವುದು ಅವಶ್ಯ. 1861ರಿಂದ 1865ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ವಿಲಾಯತಿಯ ಗಿರಣಿಗಳಿಗೆ ಹೋಗದಂತಾದಾಗ, ಧಾರವಾಡ ಸೀಮೆಯ ಹತ್ತಿಗೆ ಒಮ್ಮೆಲೆ ಬೆಲೆ ಬಂದಿತು. ಯುದ್ಧ ನಿಂತೊಡನೆ ಇಳಿಯಿತು. ಇಷ್ಟನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಆದರೆ ಶಿಗ್ಗಾವಿಯ ಒಬ್ಬ ರೈತನು ಆ ಲಾಭದಿಂದ ಬಾವಿ ತೋಡಿಸಿದನೋ, ಸಾಲ ತೀರಿಸಿದನೋ, ಜೋಳದ ಹೊಲಕ್ಕೂ ಹತ್ತಿ ಹಾಕಿ ಬೆಲೆಯಿಳಿದಾಗ ಕೈ ಸುಟ್ಟುಕೊಂಡನೋ? ಇದನ್ನು ಹೇಳಬಲ್ಲ ಸಾಕ್ಷಿ ಮನೆಯ ಕೀರ್ದಿಯೊಂದೇ. ಮುಂದೆ 1876ರಿಂದ 1878ರ ವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಮಹಾಕ್ಷಾಮ ಬಿದ್ದಿತು. ಕಲೆಕ್ಟರರು ಸತ್ತವರನ್ನು ಎಣಿಸಿದರು, ಕೆಲಸದ ಕೂಲಿಯನ್ನು ಎಣಿಸಿದರು. ಯಾವ ವಾರದಲ್ಲಿ ಯಾವ ಮನೆಯ ಹೆಂಗಸಿನ ಕೊರಳ ಸರವು ಎಷ್ಟು ಜೋಳಕ್ಕೆ ಅಡವಾಯಿತೆಂಬುದನ್ನು ಅವರು ಎಣಿಸಲಿಲ್ಲ. ಅಡವು ಹಿಡಿದ ಸಾಹುಕಾರನು ಎಣಿಸಿದನು. ಅವನ ಖಾತೆಯ ಪುಸ್ತಕವನ್ನು ಸುಡುವುದೆಂದರೆ ಆ ಹೆಂಗಸಿನ ಕೊನೆಯ ಸಾಕ್ಷಿಯನ್ನೂ ಸುಟ್ಟಂತೆ.

ಹಾನಗಲ್ಲ ಹಿರೇಕೆರೂರುಗಳ ವಿಷಯದಲ್ಲಿ ಇನ್ನೊಂದು ಮಾತಿದೆ. ಇವು ಕೆರೆಗಳ ಸೀಮೆಗಳು. ಹಿರೇಕೆರೂರಿನ ಹೆಸರಿನಲ್ಲಿಯೇ ಕೆರೆಯಿದೆ, ಮಾಸೂರಿನ ಬಳಿಯ ಮದಗದ ಕೆರೆಯನ್ನು ಅರಿಯದವರಿಲ್ಲ. ಕೆರೆಯ ನೀರನ್ನು ಯಾವ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು, ಹೂಳು ತೆಗೆಯುವ ಸರದಿ ಯಾರದು, ತೂಬು ಕಾಯುವವನಿಗೆ ಎಷ್ಟು ಭತ್ತ ಎಂಬ ಕಟ್ಟಳೆಗಳನ್ನು ಊರವರು ಕಾಗದದ ಮೇಲೆ ಇಟ್ಟದ್ದುಂಟು. 1840ರ ದಶಕದಲ್ಲಿ ವಿಂಗೇಟ ಸಾಹೇಬನ ಮೋಜಣಿ ಬಂದು ಹೊಲಕ್ಕೆ ಸರ್ವೆ ನಂಬರ ಬಿದ್ದ ಮೇಲೆ ಸರಕಾರಕ್ಕೆ ಬೇಕಾದುದು ಆಕಾರ ಮಾತ್ರ, ನೀರಿನ ಸರದಿಯಲ್ಲ. ಹೀಗಾಗಿ ನೀರಿನ ಕಟ್ಟಳೆ ಉಳಿದಿದ್ದರೆ ಮನೆಯ ದಫ್ತರದಲ್ಲಿಯೇ ಉಳಿದಿರಬೇಕು. ಇಂದು ಕೆರೆಗಳ ಪುನರುಜ್ಜೀವನಕ್ಕೆಂದು ಹಣ ಸುರಿಯುವವರು ಆ ಹಾಳೆಗಳನ್ನು ಒಮ್ಮೆಯಾದರೂ ಕೇಳಿದ್ದಾರೆಯೇ?

ಕಲ್ಲಿಗೆ ಕೊಟ್ಟ ಮರ್ಯಾದೆಯ ಹತ್ತರಲ್ಲೊಂದು ಪಾಲನ್ನೂ ನಾವು ಕಾಗದಕ್ಕೆ ಕೊಡಲಿಲ್ಲ. ವಾಲ್ಟರ ಎಲಿಯಟನು ಈ ಸೀಮೆಯ ಶಾಸನಗಳ ಪ್ರತಿ ಮಾಡಿಸಿದನು; ಫ್ಲೀಟನು ಅವುಗಳನ್ನು ಓದಿದನು; ನಮ್ಮವರು ಅವರ ಹಾದಿಯನ್ನು ಹಿಡಿದರು. ಆದುದರಿಂದ ಹಾನಗಲ್ಲಿನ ಕದಂಬರ ವಂಶಾವಳಿ ಶಾಲೆಯ ಹುಡುಗನಿಗೂ ದೊರೆಯುತ್ತದೆ. ಅಬಲೂರಿನ ಶಾಸನದಿಂದ ಏಕಾಂತದ ರಾಮಯ್ಯನ ಕಥೆ ನಮಗೆ ತಿಳಿಯುತ್ತದೆ. ಇದು ಹೆಮ್ಮೆಯ ಕೆಲಸವೇ. 1914ರಲ್ಲಿ ಆಲೂರ ವೆಂಕಟರಾಯರು ಮತ್ತು ಅವರ ಸಂಗಡಿಗರು ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳವನ್ನು ಕಟ್ಟಿದಾಗ, 1917ರಲ್ಲಿ ‘ಕರ್ನಾಟಕ ಗತವೈಭವ’ವು ಹೊರಟಾಗ, ಕನ್ನಡಿಗರಿಗೆ ಸಾಮ್ರಾಜ್ಯಗಳಿದ್ದವೆಂದು ಕನ್ನಡಿಗರಿಗೇ ಹೇಳಬೇಕಾದ ಕಾಲವಿತ್ತು. ಆ ಕಾಲಕ್ಕೆ ಚಾಲುಕ್ಯರೂ ರಾಷ್ಟ್ರಕೂಟರೂ ವಿಜಯನಗರದವರೂ ಬೇಕಾಗಿದ್ದರು. ಆದರೆ 1956ರ ನವಂಬರ 1ರಂದು ಪ್ರಾಂತವು ಒಂದಾದ ಮೇಲೆಯೂ ನಾವು ಅದೇ ಪುಲಿಕೇಶಿಯ ಪಾಠವನ್ನು ಒಪ್ಪಿಸುತ್ತ ಕುಳಿತದ್ದು ಸೋಮಾರಿತನ. 12ನೆಯ ಶತಮಾನದಲ್ಲಿ ದೇವಾಲಯಕ್ಕೆ ಎಷ್ಟು ಮತ್ತರು ಭೂಮಿ ಬಿಟ್ಟರೆಂದು ಬಲ್ಲ ನಾವು, ನಮ್ಮ ಮುತ್ತಜ್ಜನು ಯಾರಿಂದ ಭೂಮಿ ಕೊಂಡನೆಂಬುದನ್ನು ಅರಿಯೆವು.

ಅದೇ ಕಾಲದಲ್ಲಿ ಮರಾಠರು ಮಾಡಿದುದೇನು? ವಿ. ಕಾ. ರಾಜವಾಡೆಯವರು ಊರೂರು ತಿರುಗಿ, ಜೋಯಿಸರ ಮನೆ ಚಿಟಣೀಸರ ಮನೆಯೆನ್ನದೆ ಬಾಗಿಲು ಬಡಿದು, ಬೇಡಿ, ಕಾಡಿ, ಬಯ್ಯಿಸಿಕೊಂಡು, ರುಮಾಲುಗಳನ್ನು ಬಿಚ್ಚಿಸಿದರು. 1898ರಲ್ಲಿ ಮೊದಲ ಸಂಪುಟ ಬಂದಿತು; ಒಟ್ಟು 22 ಸಂಪುಟಗಳಾದವು. 1910ರಲ್ಲಿ ಅವರು ಪುಣೆಯಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಳವನ್ನು ಸ್ಥಾಪಿಸಿದರು. 1930ರಿಂದ ಮುಂದೆ ಸರದೇಸಾಯಿಯವರು ಪೇಶವೆ ದಫ್ತರದಿಂದ ಆಯ್ದ ಕಾಗದಗಳನ್ನು 45 ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಮರಾಠರ ಅಭಿಮಾನವು ನಮಗೆ ಎಷ್ಟೋ ಸಲ ಕಹಿಯಾಗಿ ಕಂಡಿದೆ. ಅವರ ಶ್ರಮವನ್ನು ಮಾತ್ರ ನಾವು ಕಲಿಯಲಿಲ್ಲ. ಅದರ ಫಲವೇನೆಂಬುದಕ್ಕೆ ಸವಣೂರೇ ಸಾಕ್ಷಿ. 1756ರಲ್ಲಿ ಪೇಶವೆ ನಾನಾಸಾಹೇಬನೂ, ನಿಜಾಮನ ಕಡೆಯಿಂದ ಫ್ರೆಂಚರ ಬುಸ್ಸಿಯೂ ಕೂಡಿ ಸವಣೂರಿಗೆ ಹಾಕಿದ ಮುತ್ತಿಗೆಯನ್ನು ನಾವು ಓದುವುದು ಮುತ್ತಿಗೆ ಹಾಕಿದವರ ಛಾವಣಿಯ ಕಾಗದಗಳಿಂದ. ಗೋಡೆಯ ಒಳಗಿದ್ದವರು ಏನು ಉಂಡರು, ಏನು ಅಂದುಕೊಂಡರು? ಹೈದರನ ಮನೆಗೆ ಹೆಣ್ಣು ಕೊಟ್ಟು ಹೆಣ್ಣು ತಂದ ಮನೆತನ ಅದು. ಅದರ ಮಾತನ್ನು ನಾವು ಅದರ ವೈರಿಗಳ ಬಾಯಿಂದ ಕೇಳುತ್ತೇವೆ.

ನಮ್ಮ ದಫ್ತರಗಳು ತಾವಾಗಿಯೇ ಬರಿದಾಗಲಿಲ್ಲವೆಂಬುದನ್ನೂ ಹೇಳಬೇಕು. 1843ರಲ್ಲಿ ಕಂಪನಿ ಸರಕಾರದವರು ಇನಾಮುಗಳ ವಿಚಾರಣೆಯನ್ನು ಮೊದಲು ಆರಂಭಿಸಿದುದು ನಮ್ಮ ಈ ಸೀಮೆಯಲ್ಲಿಯೇ. 1852ರ 11ನೆಯ ಕಾಯಿದೆಯಿಂದ ಅದು ಇನಾಮ ಕಮಿಶನ್ನಾಗಿ ಬಲಿಯಿತು. ಹಕ್ಕನ್ನು ಸಾಧಿಸಬೇಕಾದವರು ಮೂಲ ಸನದನ್ನು ತಂದು ತೋರಿಸಬೇಕು. ತೋರಿಸದಿದ್ದರೆ ಭೂಮಿ ಹೋಯಿತು. ಅಂದಿನಿಂದ ದಫ್ತರವೆಂದರೆ ನಮ್ಮ ಜನರಿಗೆ ಭೂಮಿ, ಕೋರ್ಟು, ಭಯ. ಮುಂದೆ 1951ರಲ್ಲಿ ಮುಂಬಯಿ ಸರಕಾರದ ಕಾಯಿದೆಯಿಂದ ಪರಗಣೆಯ ಮತ್ತು ಕುಲಕರ್ಣಿ ವತನಗಳು ರದ್ದಾದವು. ವತನ ಹೋದದ್ದು ನ್ಯಾಯವೇ. ಅದಕ್ಕಾಗಿ ಅಳುವವರು ನಾವಲ್ಲ. ಆದರೆ ವತನದೊಡನೆ ವತನದಾರನ ಮನೆಯ ಕಾಗದಗಳು ಒಂದೇ ದಿನದಲ್ಲಿ ನಿರುಪಯೋಗಿಯಾದವು. 1974ರ ಭೂಸುಧಾರಣೆಯ ತರುವಾಯ ಉಳಿದ ಕೆಲವು ಗಂಟುಗಳನ್ನು ಅಂಜಿಕೆಯಿಂದ ಸುಟ್ಟವರುಂಟು, ಬೇಸರದಿಂದ ಸುಟ್ಟವರುಂಟು. ಉಳುವವನಿಗೆ ಭೂಮಿ ಬಂದುದು ಒಳ್ಳೆಯದಾಯಿತು. ಆದರೆ ಅವನ ತಾತನು ಉತ್ತ ವರುಷಗಳ ಲೆಕ್ಕವೂ ಆ ಬೆಂಕಿಯಲ್ಲಿಯೇ ಹೋಯಿತೆಂಬುದನ್ನು ಯಾರೂ ಅವನಿಗೆ ಹೇಳಲಿಲ್ಲ.

ಇನ್ನು ಕೆಲವು ಕನ್ನಡಾಭಿಮಾನಿಗಳ ಆಕ್ಷೇಪ: “ಈ ಕಾಗದಗಳೆಲ್ಲ ಮೋಡಿಯಲ್ಲಿವೆ, ಮರಾಠಿಯಲ್ಲಿವೆ, ಅವು ನಮ್ಮವಲ್ಲ.” ಇಂಥ ಅಭಿಮಾನವನ್ನು ಕಂಡು ನಮಗೆ ಕನಿಕರವಾಗುತ್ತದೆ. ಕುಲಕರ್ಣಿಯು ಅಡಿಗೆಮನೆಯಲ್ಲಿ ಕನ್ನಡದಲ್ಲಿ ಜಗಳವಾಡಿ, ಪಡಸಾಲೆಗೆ ಬಂದು ಮೋಡಿಯಲ್ಲಿ ಲೆಕ್ಕ ಬರೆಯಬೇಕಾಯಿತೆಂಬುದೇ ನಮ್ಮ 19ನೆಯ ಶತಮಾನ! ಶಾಲೆಯಲ್ಲಿ ಮರಾಠಿ, ಕಚೇರಿಯಲ್ಲಿ ಮರಾಠಿ, ಕಂಪನಿಯವರ ಬಾಯಲ್ಲಿ ನಮ್ಮ ನಾಡಿಗೆ ‘ದಕ್ಷಿಣ ಮರಾಠಾ ಸೀಮೆ’ಯೆಂದು ಹೆಸರು, ಮುಂದೆ ಬಂದ ಉಗಿಬಂಡಿಯ ಕಂಪನಿಗೂ ಅದೇ ಹೆಸರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಏಕೆ ಹುಟ್ಟಿತೆಂಬುದಕ್ಕೆ ಈ ರುಮಾಲುಗಳಿಗಿಂತ ದೊಡ್ಡ ಸಾಕ್ಷಿ ಯಾವುದಿದೆ? ಮೋಡಿಯ ಸಾಲುಗಳ ನಡುವೆ ಹೊಲದ ಹೆಸರು, ಕೆರೆಯ ಹೆಸರು, ಆಳಿನ ಹೆಸರು, ಧಾನ್ಯದ ಹೆಸರು ಕನ್ನಡದಲ್ಲಿಯೇ ಉಳಿದುಕೊಂಡಿವೆ. ಬರೆದವನಿಗೆ ಅವುಗಳಿಗೆ ಬೇರೆ ಶಬ್ದ ಗೊತ್ತಿರಲಿಲ್ಲ. ಕಾಗದ ಪರಭಾಷೆಯದೆಂದು ಎಸೆದರೆ ಈ ಕನ್ನಡವನ್ನೂ ಎಸೆದಂತಾಯಿತು. ಸವಣೂರಿನ ಕಾಗದಗಳಲ್ಲಿ ಫಾರಸಿಯೂ ಉರ್ದುವೂ ಕೂಡಿವೆಯೆಂದು ಮೂಗು ಮುರಿಯುವವರಿಗೂ ಇದೇ ಉತ್ತರ. ನವಾಬನ ಊರಿನ ವೀಳ್ಯದೆಲೆಯು ಕನ್ನಡ ನಾಡಿನದಾದರೆ ಅವನ ಕಾಗದವೂ ಕನ್ನಡ ನಾಡಿನದೇ.

ಹೆಸರುಗಳ ಮಾತು ಬಂದುದರಿಂದ ಶಿಕ್ಷಕ ಬಂಧುಗಳಿಗೆ ಉಪಯೋಗವಾಗುವ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಹಳೆಯ ಸರಕಾರಿ ಕಾಗದಗಳಲ್ಲಿ ಹಿರೇಕೆರೂರು ತಾಲೂಕನ್ನು ಹುಡುಕಿದರೆ ಸಿಕ್ಕಲಾರದು. ಅದು ‘ಕೋಡ’ ತಾಲೂಕು. ಶಿಗ್ಗಾವಿಯನ್ನು ‘ಬಂಕಾಪುರ’ ತಾಲೂಕೆಂದು ಹುಡುಕಬೇಕು. 1884ರ ಮುಂಬಯಿ ಗ್ಯಾಝೆಟಿಯರಿನ ಧಾರವಾಡದ ಸಂಪುಟದಲ್ಲಿಯೂ ಹೀಗೆಯೇ ಇದೆ. ಸವಣೂರಂತೂ 1948ರಲ್ಲಿ ವಿಲೀನವಾಗುವ ವರೆಗೆ ಜಿಲ್ಲೆಯೊಳಗಿರಲಿಲ್ಲ; ಅದು ಸಂಸ್ಥಾನ. 19ನೆಯ ಶತಮಾನದಲ್ಲಿ ಧಾರವಾಡದ ಕಲೆಕ್ಟರನೇ ಅದಕ್ಕೆ ಪೊಲಿಟಿಕಲ ಏಜಂಟನಾಗಿದ್ದುದರಿಂದ ಅದರ ಪತ್ರವ್ಯವಹಾರವನ್ನು ರಾಜಕೀಯ ಖಾತೆಯ ಕಾಗದಗಳಲ್ಲಿ ನೋಡಬೇಕು. 1997ರಲ್ಲಿ ಹುಟ್ಟಿದ ಹಾವೇರಿ ಜಿಲ್ಲೆಯ ಹೆಸರನ್ನು ಹಿಡಿದು ಹುಡುಕಿದರೆ ಬರಿಗೈಯಲ್ಲಿ ಬರಬೇಕಾದೀತು.

ಸರಕಾರದವರೇನು ಮಾಡಿದರೆಂದು ಕೇಳುವಿರಾ? ಅವರ ಕಾಯಿದೆಗಳ ಸೊಬಗನ್ನು ನೋಡಿರಿ. 1972ರ ಪುರಾವಸ್ತು ಕಾಯಿದೆಯು 75 ವರುಷ ದಾಟಿದ ಐತಿಹಾಸಿಕ ಕಾಗದಪತ್ರಗಳನ್ನು ಪುರಾವಸ್ತುವೆಂದು ಕರೆದು, ಖಾಸಗಿಯವರು ಅದನ್ನು ಪರದೇಶಕ್ಕೆ ಸಾಗಿಸಬಾರದೆಂದು ತಡೆದಿದೆ. ಗೆದ್ದಲಿನ ಹೊಟ್ಟೆಗೆ ಸಾಗಿಸುವುದಕ್ಕೆ ತಡೆಯಿಲ್ಲ. 1993ರ ಸಾರ್ವಜನಿಕ ದಾಖಲೆಗಳ ಕಾಯಿದೆಯು ಕೇಂದ್ರ ಸರಕಾರದ ಕಚೇರಿಗಳ ಕಾಗದಗಳನ್ನು ಕುರಿತದ್ದು. ಖಾಸಗಿಯವರು ತಾವಾಗಿ ತಂದುಕೊಟ್ಟರೆ ರಾಷ್ಟ್ರೀಯ ಅಭಿಲೇಖಾಗಾರವು ಸ್ವೀಕರಿಸಬಹುದೆಂಬಷ್ಟೇ ಅದರ ಕೃಪೆ. 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ಆರಂಭವಾಯಿತು. ಅದು ಹಸ್ತಪ್ರತಿಯೆಂದರೇನೆಂದು ವ್ಯಾಖ್ಯೆ ಮಾಡುವಾಗ ಫರ್ಮಾನು, ಕಂದಾಯದ ಕಾಗದ ಮುಂತಾದವು ಹಸ್ತಪ್ರತಿಗಳಲ್ಲವೆಂದು ಬೇರ್ಪಡಿಸಿತು. ಅಂದರೆ ತಾಡವೋಲೆಯ ಸ್ತೋತ್ರಕ್ಕೆ ಒಂದು ಮನೆಯಿದೆ, ಮಾಮಲೇದಾರನ ಟಿಪ್ಪಣಿಗೆ ಒಂದು ಮನೆಯಿದೆ. ಮುತ್ತಜ್ಜಿಯ ಬಂಗಾರದ ಯಾದಿಗೆ ಎರಡೂ ಮನೆಗಳ ಬಾಗಿಲು ಮುಚ್ಚಿದೆ.

ಮನೆಗಳವರ ತಪ್ಪನ್ನೂ ನಾವು ಮುಚ್ಚಿಡಲಾರೆವು. “ತೋರಿಸಿದರೆ ದಾಯಾದಿಗಳು ದಾವೆ ಹೂಡಿಯಾರು” ಎಂಬ ಹೆದರಿಕೆಯಿಂದ ಗಂಟನ್ನು ಬಿಚ್ಚದೆಯೇ ಕೊಳೆಸುವವರು ಬಹಳ. ವಾಯಿದೆ ಮೀರಿ ನೂರು ವರುಷವಾದ ಗಹಾಣ ಪತ್ರದಿಂದ ಯಾವ ದಾವೆ ನಿಂತೀತು? ಆದರೆ ಅವರ ಇನ್ನೊಂದು ದೂರು ನಿಜ. ಸಂಶೋಧಕರೆನ್ನಿಸಿಕೊಂಡವರು ಬಂದು, ಕಾಫಿ ಕುಡಿದು, ಗಂಟನ್ನು ಚೀಲದಲ್ಲಿಟ್ಟುಕೊಂಡು ಹೋಗಿ ತಿರುಗಿ ಮುಖ ತೋರಿಸದ ಉದಾಹರಣೆಗಳು ನಮ್ಮ ಊರುಗಳಲ್ಲಿ ಹೊಸವಲ್ಲ. ಅಂಥವರಿಗೆ ಪದವಿ ದೊರೆತಿರಬಹುದು. ಮನೆಯವರಿಗೆ ರಸೀದಿಯೂ ದೊರೆಯಲಿಲ್ಲ. ಇದು ಕಳವೇ ಸರಿ, ಮತ್ತು ಅದನ್ನು ಕಳವೆಂದೇ ಕರೆಯತಕ್ಕದ್ದು.

ದಫ್ತರವೊಂದನ್ನು ಸರಿಯಾದ ಕಣ್ಣು ನೋಡಿದರೆ ಏನಾಗುತ್ತದೆಂಬುದಕ್ಕೆ ಶೃಂಗೇರಿಯ ಉದಾಹರಣೆಯಿದೆ. 1916ರಲ್ಲಿ ಆರ್. ನರಸಿಂಹಾಚಾರ್ಯರು ಅಲ್ಲಿಯ ಮಠದ ಕಾಗದಗಳಲ್ಲಿ ಟಿಪ್ಪು ಸುಲ್ತಾನನು ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಯಿಸಿದ ಪತ್ರಗಳನ್ನು ಕಂಡರು. 1791ರಲ್ಲಿ ಮರಾಠಾ ದಂಡು ಶೃಂಗೇರಿಯನ್ನು ಸುಲಿದ ಸಂಗತಿಯೂ ಅದಕ್ಕೆ ಸುಲ್ತಾನನು ಮಾಡಿದ ಸಹಾಯವೂ ಅದರಿಂದ ಹೊರಬಿದ್ದವು. ಅಂದಿನಿಂದ ಆ ಕಾಲವನ್ನು ಬರೆಯುವವರೆಲ್ಲ ಆ ಕಟ್ಟನ್ನು ಲೆಕ್ಕಕ್ಕೆ ಹಿಡಿಯಬೇಕಾಯಿತು. ನಮ್ಮ ನಾಲ್ಕು ತಾಲೂಕುಗಳಲ್ಲಿ ಇಂಥದು ಇಲ್ಲವೆಂದು ನೋಡದೆಯೇ ಹೇಳುವವನು ಯಾರು? ಶಿಗ್ಗಾವಿ ತಾಲೂಕಿನ ಶಿಶುವಿನಹಾಳದ ಶರೀಫರು 1819ರಿಂದ 1889ರ ವರೆಗೆ, ಅಂದರೆ ಈ ದಫ್ತರಗಳು ತುಂಬುತ್ತಿದ್ದ ಕಾಲದಲ್ಲಿಯೇ, ಬದುಕಿದ್ದವರು. ಕೆಲಕಾಲ ಶಾಲೆಯ ಮಾಸ್ತರರೂ ಆಗಿದ್ದವರು. ಅವರ ಹಾಡುಗಳನ್ನು ನಮಗೆ ಉಳಿಸಿಕೊಟ್ಟುದು ಭಕ್ತರ ಬಾಯಿ ಮತ್ತು ಭಜನೆಯ ವಹಿಗಳು. ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು 1904ರಲ್ಲಿ ವೀರಶೈವ ಮಹಾಸಭೆಯನ್ನು ಕಟ್ಟಿದಾಗ ನಾಡಿನ ಎಷ್ಟು ಮನೆಗಳಿಗೆ ಕಾಗದ ಹೋಗಿರಬೇಡ! ಅವು ಮುಟ್ಟಿದ ಮನೆಗಳವರು ಒಮ್ಮೆ ತಮ್ಮ ಪೆಟ್ಟಿಗೆಯನ್ನು ನೋಡಬಾರದೆ?

ನಾವು ಬೇಡುವುದು ದೊಡ್ಡ ಕಟ್ಟಡವನ್ನಲ್ಲ. ಕಟ್ಟಡವೆಂದೊಡನೆ ಸಮಿತಿ, ಸಮಿತಿಯೆಂದೊಡನೆ ಶಂಕುಸ್ಥಾಪನೆ, ಶಂಕುಸ್ಥಾಪನೆಯ ತರುವಾಯ ನಿದ್ರೆ. ಮೊದಲು ಬೇಕಾದುದು ಯಾದಿ. ಗಂಟು ಅದರ ಮನೆಯಲ್ಲಿಯೇ ಇರಲಿ. ಯಾವ ಊರು, ಎಷ್ಟು ರುಮಾಲು, ಯಾವ ಲಿಪಿ, ಸುಮಾರು ಯಾವ ಕಾಲದ್ದು ಎಂಬಿಷ್ಟನ್ನು ಊರಿನ ಶಿಕ್ಷಕನೊಬ್ಬನು ಮನೆಯವರ ಒಪ್ಪಿಗೆಯಿಂದ ಬರೆದಿಟ್ಟರೆ ಸಾಕು. ಕಾಲ ಗೊತ್ತುಮಾಡುವುದು ಕಠಿಣವಲ್ಲ: ಶಕೆಗೆ 78, ಫಸಲಿಗೆ 590 ಕೂಡಿಸಿದರೆ ಇಸವಿ ಸುಮಾರಾಗಿ ಬರುತ್ತದೆ. ಗಂಟಿನ ಒಳಗಿನ ಕ್ರಮವನ್ನು ಕೆಡಿಸಬಾರದು; ಯಾವ ಹಾಳೆ ಯಾವುದರ ಪಕ್ಕದಲ್ಲಿತ್ತೆಂಬುದೂ ಒಂದು ಸಾಕ್ಷಿಯೇ. ಹರಿದುದಕ್ಕೆ ಅಂಟುಪಟ್ಟಿ ಹಚ್ಚಬಾರದು, ಪ್ಲಾಸ್ಟಿಕ್ಕಿನಲ್ಲಿ ಒತ್ತಿಸಬಾರದು, ಬಿಸಿಲಿಗೆ ಹರವಬಾರದು. ಹಳೆಯ ಕೈಕಾಗದವು ಈಚಿನ ಗಿರಣಿ ಕಾಗದಕ್ಕಿಂತ ಗಟ್ಟಿ. ಕಾಡಿಗೆಯ ಮಸಿ ಬೆಳಕಿಗೆ ಮಾಸುವುದಿಲ್ಲ, ಆದರೆ ನೀರಿಗೆ ಕರಗುತ್ತದೆ. ಎಂದಮೇಲೆ ಸೋರುವ ಮಾಳಿಗೆಯೇ ಅದರ ಮುಖ್ಯ ಶತ್ರು. ಇಂದು ಪ್ರತಿಯೊಬ್ಬನ ಕಿಸೆಯಲ್ಲಿರುವ ಮೊಬಾಯಿಲಿನಿಂದ ಹಾಳೆಗೊಂದು ಚಿತ್ರ ತೆಗೆದು ಒಂದು ಪ್ರತಿಯನ್ನು ಮನೆಯವರಿಗೆ ಕೊಡುವುದರಲ್ಲಿ ಏನು ಖರ್ಚಿದೆ?

ಎರಡನೆಯ ಅವಶ್ಯಕತೆ ಓದುವವರದು. ಮೋಡಿಯನ್ನು ಬಾಲ್ಯದಲ್ಲಿ ಕಲಿತವರ ತಲೆಮಾರು ಹೆಚ್ಚುಕಡಿಮೆ ಮುಗಿದುಹೋಗಿದೆ. 2014ರಿಂದ ಆ ಲಿಪಿಗೆ ಗಣಕಯಂತ್ರದ ಯೂನಿಕೋಡಿನಲ್ಲಿಯೂ ಸ್ಥಾನ ದೊರೆತಿದೆ. ಯಂತ್ರಕ್ಕೆ ಬಂದ ಅಕ್ಷರ ಮನುಷ್ಯನಿಗೆ ಬಾರದೆ ಹೋದರೆ ಅದಕ್ಕಿಂತ ವಿಡಂಬನೆಯುಂಟೆ? ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿಯೇ ಜಾನಪದ ವಿಶ್ವವಿದ್ಯಾಲಯವಿದೆ. ಧಾರವಾಡದಲ್ಲಿ 1939ರಿಂದ ನಡೆದು ಬಂದ ಕನ್ನಡ ಸಂಶೋಧನ ಸಂಸ್ಥೆಯ ಪರಂಪರೆಯಿದೆ. ಬೆಂಗಳೂರಿನಲ್ಲಿ ರಾಜ್ಯ ಪತ್ರಾಗಾರವಿದೆ. ಇವರು ಮೂವರೂ ಕೂಡಿ ಬೇಸಗೆಯ ರಜೆಯಲ್ಲಿ ಒಂದು ತಿಂಗಳು ಹಾನಗಲ್ಲಿನಲ್ಲಿ ಮೋಡಿಯ ವರ್ಗ ನಡೆಸಲಿ. ತಾಲೂಕಿಗೆ ಹತ್ತು ಮಂದಿ ಶಿಕ್ಷಕರನ್ನು ಪ್ರವಾಸಭತ್ಯೆ ಕೊಟ್ಟು ಕಳಿಸಲಿ. ನವಂಬರದ ಒಂದು ಮೆರವಣಿಗೆಯ ಖರ್ಚು ಅದಕ್ಕೆ ಸಾಕಾದೀತು.

ಬರುವ ಮುಂಗಾರಿಗೆ ಮುನ್ನ ವಾಚಕರಲ್ಲಿ ಒಬ್ಬೊಬ್ಬರೂ ತಮ್ಮ ಮನೆಯ ಇಲ್ಲವೆ ನೆರೆಮನೆಯ ಒಂದು ಗಂಟನ್ನು ಅಟ್ಟದಿಂದ ಇಳಿಸಿ, ಸೋರದ ಕಡೆ ನೆಲದಿಂದ ಒಂದು ಗೇಣು ಎತ್ತರದಲ್ಲಿ, ಹೊಸ ಅರಿವೆಯಲ್ಲಿ ಸಡಿಲಾಗಿ ಕಟ್ಟಿಡಲಿ. ಬಿಚ್ಚಿದಾಗ ಸಿಕ್ಕ ಮೊದಲ ಹಾಳೆಯ ಮೇಲಿನ ಊರು, ಇಸವಿ, ಲಿಪಿಗಳನ್ನು ಒಂದು ಕಾರ್ಡಿನ ಮೇಲೆ ಬರೆದು ನಮಗೆ ಕಳಿಸಲಿ. ಮನೆತನದ ಹೆಸರು ಬೇಡ, ಜಮೀನಿನ ನಂಬರ ಬೇಡ. ಬಂದ ಕಾರ್ಡುಗಳನ್ನು ತಾಲೂಕಿನಂತೆ ವಿಂಗಡಿಸಿ ನಾವು ಪ್ರಕಟಿಸುವೆವು. ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗಳ ಮೇಜಿನ ಮೇಲೂ ಇಡುವೆವು.